ರೀಡ್ ಫೇಲ್: ಸಕ್ಸೆಸ್

ಮೂರು ವರ್ಷದ ಹಿಂದೆ ನಾನು ಜೆ.ಪಿ. ನಗರದ ಒಂದು ಸಣ್ಣ ಸ್ಟೋರೇಜ್ ಕಂಪನಿಯಲ್ಲಿ ಟೆಸ್ಟ್ ಲೀಡ್ ಆಗಿದ್ದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಂ ನಮ್ಮ ಸರಕು. ಸಾವಿರಾರು ಫೈಲುಗಳನ್ನು ಒಂದೇ ಸಮ ಬರೆದು, ಓದಿ, ಅಳಿಸಿ ಅದು ಎಲ್ಲಿ ಕೈಕೊಡುತ್ತದೆಂದು ನೋಡುವ ಸ್ಟ್ರೆಸ್ ಟೆಸ್ಟ್ ನನ್ನ ಪಾಲಿನ ಕೆಲಸ. ನನ್ನ ಸಹಿ ಇಲ್ಲದೆ ಸರಕು ಹೊರಗೆ ಹೋಗುವಂತಿರಲಿಲ್ಲ.

ಒಂದು ಶುಕ್ರವಾರ ಅದನ್ನು ಸ್ಕ್ಯಾನಿಂಗ್ ಸೆಂಟರೊಂದಕ್ಕೆ ಕೊಡಬೇಕಿತ್ತು. ರೋಗಿಗಳ ಸ್ಕ್ಯಾನ್‌ಗಳೆಲ್ಲ ಅದರಲ್ಲೇ ಇರಬೇಕು. ಆ ವಾರದ ಮಂಗಳವಾರ ಟೆಸ್ಟ್ ಅರ್ಧಕ್ಕೆ ನಿಂತು ಒಂದೇ ಸಾಲು ಬರೆಯಿತು: ‘ರೀಡ್ ಫೇಲ್: ಸಕ್ಸೆಸ್’. ಓದಲಾಗಲಿಲ್ಲ, ಕಾರಣ ಯಶಸ್ಸು. ಇಡೀ ಆಫೀಸು ನಕ್ಕಿತು.

“ಮೇಡಂ, ಪಾಸೋ ಫೇಲೋ ನಿಮ್ ಟೆಸ್ಟ್‌ಗೇ ಗೊತ್ತಿಲ್ಲ. ಒಂದ್ ಕಾಫಿ ಕುಡ್ಸಿ ಅದಕ್ಕೆ,” ಎಂದ ಫೈಲ್‌ಸಿಸ್ಟಂ ಬರೆದ ನವೀನ್.

ಇಂಥದ್ದಕ್ಕೆ ನಮ್ಮಲ್ಲಿ ಒಂದೇ ಮದ್ದು: ಇನ್ನೊಂದು ಸಲ ಓಡಿಸುವುದು. ಓಡಿಸಿದೆ, ಪಾಸಾಯಿತು. ಮ್ಯಾನೇಜರ್ ಪ್ರಭಾಕರ್ ಫಾರಂ ತಂದು ನನ್ನ ಮುಂದಿಟ್ಟರು.

ಸಹಿ ಹಾಕಲಿಲ್ಲ. ನಾನು ಇಂಜಿನಿಯರಿಂಗ್ ಕಾಲೇಜು ಕಂಡವಳಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಶರ್ಟ್ ಚೆಕ್ ಮಾಡುತ್ತಲೇ ಸಂಜೆ ಕೋರ್ಸಿನಲ್ಲಿ ಕಲಿತವಳು. ಅಲ್ಲಿ ಹೊಲಿಗೆ ತಪ್ಪಿದ ಜಾಗಕ್ಕೇ ಬಾಣದ ಸ್ಟಿಕ್ಕರ್ ಅಂಟಿಸಬೇಕು. ಸ್ಟಿಕ್ಕರ್ ಇಲ್ಲದೆ ವಾಪಸ್ ಕಳಿಸಿದ ಶರ್ಟನ್ನು ಟೈಲರ್ ಹಾಗೇ ಮಡಚಿ ನಮಗೇ ತಿರುಗಿ ಕಳಿಸುತ್ತಿದ್ದಳು. ನವೀನ್ ಮಾಡಿದ್ದೂ ಅದನ್ನೇ. ಜಾಗ ತೋರಿಸದೆ ಇದ್ದದ್ದು ನನ್ನ ಟೆಸ್ಟಿನ ತಪ್ಪು.

ಪ್ರಭಾಕರ್ ಜೊತೆ ಚೌಕಾಸಿಗೆ ಕೂತೆ. ಒಂದು ವಾರ ಕೇಳಿ ಎರಡು ದಿನಕ್ಕೆ ಇಳಿದೆ. ನನಗೆ ಬೇಕಿದ್ದದ್ದೇ ಎರಡು ದಿನ, ಅದನ್ನೇ ಮೊದಲು ಕೇಳಿದ್ದರೆ ಎರಡು ಗಂಟೆ ಸಿಗುತ್ತಿತ್ತು.

“ಗುರುವಾರ ಸಂಜೆಯೊಳಗೆ ಯಾವ ಫೈಲು, ಎಷ್ಟನೇ ಬೈಟು ಅಂತ ನಾನ್ ತೋರಿಸ್ದೆ ಇದ್ರೆ ಸಹಿ ಹಾಕ್ತೀನಿ ಸಾರ್. ತೋರಿಸಿದ್ರೆ ಶುಕ್ರವಾರ ಏನೂ ಕಳಿಸೋ ಹಾಗಿಲ್ಲ.”

“ಕಳಿಸೇ ಬಿಟ್ರೆ?”

“ಫಾರಂ ಮೇಲೆ ನಿಮ್ ಹೆಸರು ಬರ್ಕೊಳ್ಳಿ. ನನ್ ರಾಜೀನಾಮೇನೂ ಅದ್ರ ಜೊತೇಲೇ ಇಟ್ಕೊಳ್ಳಿ.”

ನಾನು ಸೇರುವ ಮೊದಲೇ ಯಾರೋ ಬರೆದಿಟ್ಟ ಟೆಸ್ಟ್ ಅದು. ಬಿಚ್ಚಿ ನೋಡಿದೆ. ಕೇಳಿದಷ್ಟು ಬೈಟ್ ಬರದಿದ್ದರೆ ‘ಫೇಲ್’ ಎನ್ನುತ್ತಿತ್ತು, ಸರಿಯೇ. ಕಾರಣವನ್ನು ಮಾತ್ರ ಆಪರೇಟಿಂಗ್ ಸಿಸ್ಟಮಿನ ಎರರ್ ನಂಬರಿನಿಂದ ಎತ್ತಿಕೊಳ್ಳುತ್ತಿತ್ತು. ಕಡಿಮೆ ಬೈಟ್ ಕೊಡುವುದು ಸಿಸ್ಟಮಿಗೆ ಎರರ್ ಅಲ್ಲ. ನಂಬರ್ ಸೊನ್ನೆ, ಸೊನ್ನೆಯ ಹೆಸರು ‘ಸಕ್ಸೆಸ್’. ಆ ಸಾಲನ್ನು ಕಿತ್ತು ಫೈಲಿನ ಹೆಸರು, ಓದಿದ ಜಾಗ, ಕೇಳಿದ್ದೆಷ್ಟು, ಬಂದದ್ದೆಷ್ಟು, ಡಿಸ್ಕ್ ಎಷ್ಟು ತುಂಬಿತ್ತು ಎಲ್ಲವನ್ನೂ ಬರೆಯಿಸಿದೆ. ಟೆಸ್ಟ್ ಪ್ರತಿ ಸಲ ಬೇರೆ ಕ್ರಮದಲ್ಲಿ ಓಡುತ್ತಿತ್ತು, ಹಾಗಾಗಿ ಬಿದ್ದ ಕ್ರಮದಲ್ಲೇ ಅದನ್ನು ಮತ್ತೆ ಓಡಿಸಲು ಬೇಕಾದ ಸೀಡ್ ಎಂಬ ಸಂಖ್ಯೆಯನ್ನೂ ಸೇರಿಸಿದೆ.

ಗುರುವಾರ ಮಧ್ಯಾಹ್ನ ಟೆಸ್ಟ್ ಮತ್ತೆ ಫೇಲಾಯಿತು. ಕೇಳಿದ್ದು 65,536 ಬೈಟ್, ಬಂದದ್ದು 61,440. ಅದೇ ಸೀಡ್ ಕೊಟ್ಟು ಓಡಿಸಿದಾಗಲೂ ಅಷ್ಟೇ. ಡಿಸ್ಕ್ ತುಂಬುತ್ತ ಬಂದಾಗ ಫೈಲಿನ ಕೊನೆಯ 4,096 ಬೈಟ್ ಕಾಣೆಯಾಗುತ್ತಿತ್ತು. ಯಾರದೋ ಸ್ಕ್ಯಾನಿನ ಕೊನೆ ಹಾಗೆ ಹೋಗುವುದಿತ್ತು.

ನವೀನ್ ಕುರ್ಚಿ ಎಳೆದುಕೊಂಡು ಸ್ಕ್ರೀನನ್ನೇ ನೋಡಿದ. “ಇದು ನಂದೇ, ಮೇಡಂ.”

ಶುಕ್ರವಾರ ಏನೂ ಹೋಗಲಿಲ್ಲ. ಪ್ರಭಾಕರ್ ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಮಾತಾಡಿದಾಗಲೂ, ಟೆಸ್ಟ್ ಬರೆಯುವ ಲಾಗನ್ನು ಗ್ರಾಹಕರು ನೋಡುತ್ತಾರೆ, ಭಾಷೆ ಸ್ವಲ್ಪ ಮೆತ್ತಗೆ ಮಾಡಿ ಎಂದರು. ನಾನು ಒಂದಕ್ಷರ ತೆಗೆಯಲಿಲ್ಲ.

ಟೆಸ್ಟಿಂಗಿಗೆ ಬರುವವರಿಗೆ ನಾನು ಹೇಳುವುದು ಇಷ್ಟು. ಬರೀ ‘ಫೇಲ್’ ಎಂದು ಹಟ ಹಿಡಿದರೆ ನಕ್ಕು ಕಳಿಸುತ್ತಾರೆ. ಮೊದಲು ಫೈಲು, ಬೈಟು, ಸೀಡ್ ಮೇಜಿನ ಮೇಲಿಡಿ. ಇಟ್ಟ ಮೇಲೆ ಯಾರ ಮುಖವನ್ನೂ ನೋಡಬೇಡಿ. ನಿಮ್ಮ ಸಹಿ ಬೇಕಾದವರು ಕಾದೇ ಕಾಯುತ್ತಾರೆ.