ಷಿಕಾಗೊದಲ್ಲಿ ಊಟಕ್ಕೆ ಕಾದದ್ದು

ಇವತ್ತು ಬೆಳಗಿನಿಂದ ಮಾಡಿದ್ದು ಇಷ್ಟು: ನೆನೆಹಾಕಿದ್ದ ಹೆಸರುಕಾಳು ಬಸಿದಿಟ್ಟೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಹುಳಿಯಾರಿಗೆ ಹೊರಟ ನಮ್ಮವರಿಗೆ ಡಬ್ಬಿ ಕಟ್ಟಿದೆ. ಎರಡು ಲಂಗಕ್ಕೆ ಲಾಡಿ ಪೋಣಿಸಿದೆ. ಅಟ್ಟದ ಕಾಯಿಗಳನ್ನು ಮೊನ್ನೆಯಷ್ಟೇ ಇಳಿಸಿದ್ದರಿಂದ, ಖಾಲಿ ಅಟ್ಟ ಗುಡಿಸಲು ಏಣಿ ಹತ್ತಿದೆ. ಗುಡಿಸುತ್ತಿರುವಾಗ ಮೂಲೆಯಲ್ಲಿ ನಾರು ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಅಂಗೈಯಗಲದ ಕಂದು ಬಣ್ಣದ ಮಣ್ಣಿನ ಬಟ್ಟಲು. ಒಡೆಯಬಾರದೆಂದು ಅದನ್ನು ಎಷ್ಟು ಜೋಪಾನ ಮಾಡಿದ್ದೆನೆಂದರೆ, ಎಲ್ಲಿಟ್ಟಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ನನ್ನ ಜೋಪಾನವೆಲ್ಲ ಹೀಗೆಯೇ.

ಆ ಬಟ್ಟಲು ಷಿಕಾಗೊದ್ದು. ನಗಬೇಡಿ. ತಿಪಟೂರಿನ ಮಗ್ಗುಲಿನ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುವ ನಾನು ನಿಜವಾಗಿಯೂ ಷಿಕಾಗೊಗೆ ಹೋಗಿ ಬಂದವಳು. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮಹಿಳಾ ಸಂಘದ ತೆಂಗಿನ ನಾರಿನ ಕಾಲೊರಸು, ತೂಗುಬುಟ್ಟಿಗಳಿಗೆ ಅಲ್ಲಿನ ಕರಕುಶಲ ಮೇಳವೊಂದರಿಂದ ಕರೆ ಬಂತು. ಬುಟ್ಟಿ ಹೆಣೆಯುವುದರಲ್ಲಿ ಎತ್ತಿದ ಕೈ ಅಂತ ಪೇಟೆಯ ಟೈಲರ್ ಮನೆಯ ಶಾಹೀನಾಳನ್ನು ಆರಿಸಿದರು. ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನು ಅವಳ ಜೊತೆ ಮಾಡಿದರು. ನನಗೆ ಹಸುವಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ತಡೆಯಿಲ್ಲದೆ ಬರುತ್ತಿತ್ತು. ಷಿಕಾಗೊದಲ್ಲಿದ್ದ ಹತ್ತು ದಿನವೂ ಯಾರೊಬ್ಬರೂ ಹಸುವಿನ ವಿಷಯ ಎತ್ತಲಿಲ್ಲ.

ನಮ್ಮನ್ನು ಇರಿಸಿಕೊಂಡವರು ಡೋರತಿ ಅನ್ನುವ ಹೆಂಗಸು. ಅರವತ್ತು ದಾಟಿದ್ದರು, ಒಬ್ಬರೇ ಇದ್ದರು. ನಾನು ಮಾಂಸ ತಿನ್ನುವವಳಲ್ಲ, ಶಾಹೀನಾ ಅಲ್ಲಿನ ಮಾಂಸ ಮುಟ್ಟುವವಳಲ್ಲ. ಪಾಪ, ನಮಗಾಗಿ ದಿನಾ ಅನ್ನ, ಹುರುಳಿಕಾಯಿ, ಆಲೂಗಡ್ಡೆ ಬೇಯಿಸಿ ಬಡಿಸಿದರು. ಒಂದು ಸಂಜೆ ಪಾತ್ರೆ ಒರೆಸುತ್ತಾ ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ: "ನನ್ನ ಗಂಡ ಇದ್ದಾಗ ಪ್ರತಿ ವರ್ಷ ಮದುವೆಯಾದ ದಿನ ಸ್ಪೇನಿನ ಊಟಕ್ಕೆ ಹೋಗ್ತಿದ್ವಿ. ತಪಾಸ್ ಅಂತಾರೆ. ಅವರು ಹೋದ ಮೇಲೆ ನಾನು ಹೋಗೇ ಇಲ್ಲ."

ಆ ರಾತ್ರಿಯೇ ತೀರ್ಮಾನಿಸಿದೆ. ಹತ್ತು ದಿನ ಅನ್ನ ಹಾಕಿದವರಿಗೆ ಒಂದು ಹೊತ್ತು ಊಟ ಹಾಕದೆ ಹೊರಟುಬಂದರೆ ಊರಿನಲ್ಲಿ ಅತ್ತೆಗೆ ಮುಖ ತೋರಿಸುವುದು ಹೇಗೆ? ಹಾಕಿದರೆ ಆ ಸ್ಪೇನಿನ ಊಟವನ್ನೇ ಹಾಕಬೇಕು.

ಮೇಳದ ಬಿಡುವಿನಲ್ಲಿ ನಾವಿಬ್ಬರೂ ಹುಡುಕಲು ಹೊರಟೆವು. ಬೋರ್ಡಿನ ಮೇಲೆ ಸ್ಪ್ಯಾನಿಷ್ ಅಕ್ಷರ ಕಂಡ ಮೊದಲ ಹೋಟೆಲಿಗೇ ನುಗ್ಗಿದೆ. ತೆಳ್ಳನೆಯ ರೊಟ್ಟಿ, ಕಾಳಿನ ಪಲ್ಯ, ಹಸಿಮೆಣಸಿನಕಾಯಿ ಚಟ್ನಿ ಕೊಟ್ಟರು. ಸ್ಪೇನಿನವರೂ ನಮ್ಮಂಥವರೇ ಅಂತ ಶಾಹೀನಾಳಿಗೆ ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಹೋಟೆಲಿನಾಕೆ, ಇದು ಮೆಕ್ಸಿಕೋದ ಊಟ ಅಂದಳು.

"ಹೋಗ್ಲಿ ಬುಡಕ್ಕ," ಅಂದಳು ಶಾಹೀನಾ. "ಹೊಟ್ಟೆಗೇನು ಭೂಗೋಳ ಗೊತ್ತೈತಾ? ನಿಮಗೇ ಗೊತ್ತಿಲ್ಲ."

ಟೆಲಿಫೋನ್ ಪುಸ್ತಕದಲ್ಲಿ ಸಿಕ್ಕ ಎರಡನೆಯ ವಿಳಾಸದಲ್ಲಿ ಬಟ್ಟೆ ಒಗೆಯುವ ಅಂಗಡಿಯಿತ್ತು. ಮೂರನೆಯದಕ್ಕೆ ಸೇತುವೆ ದಾಟಿ, ಗಾಳಿಗೆ ಸೆರಗು ಹಿಡಿದುಕೊಂಡು, ಒಂದೇ ಚರ್ಚನ್ನು ಮೂರು ಸಲ ಸುತ್ತಿದೆವು. ನಕಾಶೆ ನನ್ನ ಕೈಯಲ್ಲಿತ್ತು. ತಲೆಕೆಳಗಾಗಿ ಹಿಡಿದಿದ್ದೆನೆಂದು ಕಂಡದ್ದು ಶಾಹೀನಾಳಿಗೆ. ಅಂತೂ ಸ್ಪೇನಿನ ಹೋಟೆಲು ಸಿಕ್ಕಿತು. ಹೊರಡುವ ಹಿಂದಿನ ಮಧ್ಯಾಹ್ನಕ್ಕೆ ಮೂವರಿಗೆ ಜಾಗ ಹೇಳಿಬಂದೆವು.

ಇಲ್ಲಿ ನಮ್ಮ ಅತ್ತೆಯ ಕಾನೂನು ಹೇಳಬೇಕು. ನಾನು ಮದುವೆಯಾಗಿ ಬಂದ ವಾರವೇ ಅವರು ಅಂದಿದ್ದರು: "ನೋಡವ್ವ, ಬಂದೋರು ಉಂಡು ಕೈ ತೊಳೆಯೋಗಂಟ ನೀನು ತುತ್ತು ಎತ್ತಬ್ಯಾಡ." ಅವರೂ ಹಾಗೆಯೇ ಬದುಕಿದವರು. ಎಲ್ಲರದೂ ಆಗಿ, ತಳ ಕೆರೆದ ಪಾತ್ರೆಯ ಮುಂದೆ ಒಬ್ಬರೇ ಕೂತು ಉಣ್ಣುತ್ತಾರೆ.

ಡೋರತಿ ನೀಲಿ ಅಂಗಿ ಹಾಕಿ, ತುಟಿಗೆ ಬಣ್ಣ ಹಚ್ಚಿ ಬಂದರು. ನಮಗೇನು ಆಗುತ್ತದೆ, ಏನು ಆಗುವುದಿಲ್ಲ ಅಂತ ಕೇಳಿ ಅವರೇ ತರಿಸಿದರು. ಪುಟ್ಟ ಮಣ್ಣಿನ ಬಟ್ಟಲುಗಳು ಒಂದೊಂದಾಗಿ ಬಂದವು. ಉಪ್ಪುನೀರಿನ ಕವಳೆಕಾಯಿಯಂಥ ಆಲಿವ್, ಕೆಂಪು ಖಾರದ ಆಲೂಗಡ್ಡೆ, ಟೊಮೇಟೊ ಉಜ್ಜಿದ ಬ್ರೆಡ್ಡು, ಸೊಪ್ಪು ಹಾಕಿದ ಕಡಲೆಕಾಳು. ಇದೆಲ್ಲ ತಿಂಡಿ, ಊಟ ಹಿಂದಿನಿಂದ ಬರುತ್ತದೆ ಅಂದುಕೊಂಡು ನಾನು ಹೊಟ್ಟೆಯಲ್ಲಿ ಜಾಗ ಕಾದಿರಿಸಿದೆ. ಜೊತೆಗೆ ಅತಿಥಿ ಅವರು, ಅವರದಾಗಲಿ ಮೊದಲು. ಡೋರತಿ ಒಂದು ಚೂರು ತಿಂದು ಬಟ್ಟಲನ್ನು ನಡುವಿಗೆ ತಳ್ಳಿದರು. ನಾನು ನಗುತ್ತಾ ಅವರ ಮುಂದಕ್ಕೆ ತಳ್ಳಿದೆ. ಬಟ್ಟಲುಗಳು ಚೌಕಾಬಾರದ ಕಾಯಿಗಳಂತೆ ಅತ್ತಿಂದಿತ್ತ ಓಡಾಡಿದವು. ಒಣಗಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಅಲ್ಲಾಡುವಂತೆ ನನ್ನ ಹೊಟ್ಟೆ ಸದ್ದು ಮಾಡುತ್ತಿತ್ತು.

"ಅಕ್ಕ, ಅನ್ನ ಯಾವಾಗ ಬತ್ತದೆ ಕೇಳ್ರೀ," ಅಂತ ಶಾಹೀನಾ ಮೊಣಕೈಯಲ್ಲಿ ತಿವಿದಳು.

ಬಡಿಸುವವನನ್ನು ಕರೆದು, ಏಳನೇ ಕ್ಲಾಸಿನ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಊಟ ಯಾವಾಗ ಬರುತ್ತದೆ ಅಂತ ಕೇಳಿದೆ. ಅವನು ತಬ್ಬಿಬ್ಬಾಗಿ ಡೋರತಿಯ ಮುಖ ನೋಡಿದ. ಡೋರತಿ ನನ್ನ ಖಾಲಿ ತಟ್ಟೆ ನೋಡಿದರು, ಶಾಹೀನಾಳ ಖಾಲಿ ತಟ್ಟೆ ನೋಡಿದರು. "ಬಂದಾಯ್ತಲ್ಲ, ಇದೇ ಊಟ. ಎಲ್ಲರೂ ಒಂದೇ ಬಟ್ಟಲಿಂದ ಹಂಚಿಕೊಂಡು ತಿನ್ನೋದು," ಅಂದರು. ಮೊದಲು ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು.

"ಎದುರಿಗೆ ಕೂತು ತಿನ್ನೋರು ಇಲ್ಲ ಅಂತಾನೇ ನಾನು ಇಷ್ಟು ವರ್ಷ ಇಲ್ಲಿಗೆ ಬರಲಿಲ್ಲ. ಇವತ್ತು ಇಬ್ಬರು ಇದೀರಿ. ಇವತ್ತೂ ನಾನೊಬ್ಬಳೇ ತಿಂತಿದೀನಿ."

ಅವರಿಗೆ ಊಟ ಹಾಕಲೆಂದು ಊರೆಲ್ಲ ಸುತ್ತಿದವಳು, ಎದುರಿಗೇ ಕೂತು ಅವರನ್ನು ಉಪವಾಸ ಕೆಡವಿದ್ದೆ. ಅತ್ತೆಯನ್ನು ಮನಸ್ಸಿನಲ್ಲೇ ನೆನೆದು, ಅವರ ಮುಂದಿದ್ದ ಬಟ್ಟಲಿಗೇ ಕೈಹಾಕಿ, ದೊಡ್ಡದೊಂದು ಆಲೂಗಡ್ಡೆ ಬಾಯಿಗಿಟ್ಟುಕೊಂಡೆ. ಎಂಜಲು ಅನ್ನುವುದು ನೆನಪಾದದ್ದು ನುಂಗಿದ ಮೇಲೆ. ಶಾಹೀನಾಳಂತೂ ಬ್ರೆಡ್ಡಿನ ಮೇಲೆ ಮುಗಿಬಿದ್ದಳು.

"ಅಲ್ಲ ಕಣೇ, ನೀನ್ಯಾಕೆ ಸುಮ್ನೆ ಕೂತಿದ್ದೆ?" ಅಂದೆ.

"ನಮ್ಮನೇಲಿ ಹಬ್ಬ ಬಂದ್ರೆ ನಾಕು ಜನ ಒಂದೇ ತಟ್ಟೇಲಿ ಉಣ್ತೀವಕ್ಕ. ನಂಗೆ ಮೊದ್ಲೇ ಗೊತ್ತಾಯ್ತು. ಇಂಗ್ಲೀಷ್ ಬರೋರೇ ಕಾಯ್ತಾವ್ರೆ, ಏನೋ ಕಾರಣ ಇರ್ತದೆ ಅಂತ ನಾನೂ ಕಾದೆ."

ಆಮೇಲೆ ಎಲ್ಲವನ್ನೂ ಎರಡನೆಯ ಸಲ ತರಿಸಿದೆವು. ಡೋರತಿ ಗಂಡನ ಸುದ್ದಿ ಹೇಳುತ್ತಾ ಹೇಳುತ್ತಾ ಹೊಟ್ಟೆತುಂಬ ತಿಂದರು. ಹೊರಡುವಾಗ ಹೋಟೆಲಿನವರಿಂದ ಒಂದು ಬಟ್ಟಲು ಕೇಳಿ ಪಡೆದು ನನ್ನ ಕೈಗಿಟ್ಟರು.

ಊರಿಗೆ ಬಂದು ಆ ಬಟ್ಟಲನ್ನು ನಾರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಕಲಿತದ್ದನ್ನೂ ಅದರ ಜೊತೆಗೇ ಸುತ್ತಿ ಹಾಕಿದ್ದೆ ಅಂತ ಕಾಣುತ್ತದೆ. ಇವತ್ತು ಮಧ್ಯಾಹ್ನ ಶಾಹೀನಾ ಊಟಕ್ಕೆ ಬಂದಳು. ಬಟ್ಟಲು ನೋಡಿ, "ಅಯ್ಯೋ, ಇದು ಇನ್ನೂ ಐತಾ!" ಅಂತ ಕೆನ್ನೆಗೆ ಒತ್ತಿಕೊಂಡಳು. ಅದನ್ನು ತೊಳೆದು, ಹೆಸರುಕಾಳಿನ ಉಸಲಿ ತುಂಬಿ ನಡುವೆ ಇಟ್ಟೆ. ಅತ್ತೆ ಎಂದಿನಂತೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು.

"ನೀವು ಉಣ್ರವ್ವ. ನಂದು ಆಮೇಲೆ ಐತೆ."

ನಾನು ಕೂತು, ಬಟ್ಟಲಿನಿಂದ ಒಂದು ಹಿಡಿ ಉಸಲಿ ತೆಗೆದು ಬಾಯಿಗೆ ಹಾಕಿಕೊಂಡೆ.

"ಲೇ, ಬಂದೋಳು ಇನ್ನೂ ಕೈ ಇಕ್ಕಿಲ್ಲ, ಮುಂಚೇನೇ ತಿಂದ್ಯೇನೇ?"

"ಹೂಂ ಅತ್ತೆ. ನೀವು ಕೂತ್ಕಳಗಂಟ ಇವಳು ಉಣ್ಣಲ್ಲವಂತೆ."

ಶಾಹೀನಾ ಕೈಕಟ್ಟಿ ಕೂತೇಬಿಟ್ಟಳು. ಅತ್ತೆ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಗೊಣಗುತ್ತಾ, ಗೋಡೆ ಹಿಡಿದುಕೊಂಡು, ಮಂಡಿ ಮಡಿಸಿ ನಮ್ಮ ನಡುವೆ ಕೂತರು.

ತಿಂದದ್ದು: ರಾಗಿಮುದ್ದೆ, ಬಸ್ಸಾರು, ಕಾಯಿತುರಿ ಹಾಕಿದ ಉಸಲಿ, ಮಜ್ಜಿಗೆ. ಮೊದಲು ನಿದ್ದೆ ಹೋದವರು ಅತ್ತೆ. ಪಾತ್ರೆಗಳೆಲ್ಲ ಇನ್ನೂ ನಡುಮನೆಯಲ್ಲೇ ಇದ್ದವು.