ಈರಮ್ಮನ ಹಾಜರಿ

ಆ ದಿನಗಳಲ್ಲಿ ನಮ್ಮ ಶಾಲೆ ಅಪ್ಪನ ಅಂಗಿ ಜೇಬಿನಲ್ಲಿತ್ತು. ಬಹಳ ಹಿಂದಿನ ದಿನಗಳೇನಲ್ಲ, ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ವರ್ಷ. ನಾನಾಗ ಏಳನೇ ತರಗತಿ. ಆಂಧ್ರದ ಗಡಿಯ ಕೋಸಗಿ ಸ್ಟೇಷನ್ನಿನಿಂದ ನಮ್ಮೂರಿಗೆ ಆಟೋ ಓಡಿಸುತ್ತಿದ್ದ ಅಪ್ಪ ಬೆಳಿಗ್ಗೆ ಒಂದು ಗಂಟೆ ಫೋನನ್ನು ನಮಗೆ ಬಿಟ್ಟುಕೊಟ್ಟು, ಪಾಠ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಓಣಿಯ ಆರು ಮಕ್ಕಳಿಗೆ ಅದೊಂದೇ ಫೋನು. ಹಿಟ್ಟಿನ ಡಬ್ಬಿಗೆ ಅದನ್ನು ಒರಗಿಸಿಟ್ಟು ಸುತ್ತ ಕೂರುತ್ತಿದ್ದೆವು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದಿನಲ್ಲಿ ಸಾರ್ ಹೇಳುವ ಲೆಕ್ಕ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ರೊಟ್ಟಿ ಸೀದ ವಾಸನೆ ಬಂದರೆ ನನಗೆ ಇವತ್ತಿಗೂ ಹಾಜರಿ ನೆನಪಾಗುತ್ತದೆ.

ಹಾಜರಿ ಎಂದರೆ ಆಗ ದನಿ. ಪಾಠ ಮುಗಿದ ಮೇಲೆ ಒಬ್ಬೊಬ್ಬರೂ ಹೆಸರು ಹೇಳಿ 'ಬಂದೀನ್ರಿ ಸಾರ್' ಎಂದು ಗ್ರೂಪಿಗೆ ಕಳಿಸಬೇಕು. ಮೂರು ದಿನ ದನಿ ಬರದಿದ್ದರೆ ಹೆಸರು ಹೊಡೆದುಹಾಕುತ್ತೇನೆ ಎಂದು ಸಾರ್ ಹೆದರಿಸಿದ್ದರು. ಹಾಗೆ ಮಾಡುವ ಮನುಷ್ಯರಲ್ಲ ಅವರು. ನಾವು ಮಾತ್ರ ನಂಬಿದ್ದೆವು.

ಪಕ್ಕದ ಮನೆಯ ಈರಮ್ಮ ನನ್ನ ಜೀವದ ಗೆಳತಿ. ಗೊಗ್ಗರು ದನಿ, ಮಾತಿಗೆ ಮೊದಲು ಸಣ್ಣದೊಂದು ಕೆಮ್ಮು. ದೀಪಾವಳಿಯಾದ ಮೇಲೆ ಅವಳ ಅಪ್ಪ ಅವ್ವ ಸುಗ್ಗಿಗೆ ಹೋಗುತ್ತಿದ್ದರು. ಗುಂಟೂರು ಕಡೆ ಹತ್ತಿ ಬಿಡಿಸಿ, ಆಮೇಲೆ ಮೆಣಸಿನಕಾಯಿ ಬಿಡಿಸಿ ಬರುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಈರಮ್ಮನೂ ಜೊತೆಗೆ ಹೋಗುವವಳೇ. ಆದರೆ ವಾರದೊಳಗೆ ಸಾರ್ ಕೂಲಿಯವರ ಮೇಸ್ತ್ರಿಗೆ ಫೋನ್ ಮಾಡಿ, ಅವಳಪ್ಪನನ್ನು ಕರೆಸಿ ಚೆನ್ನಾಗಿ ಬೈಯುತ್ತಿದ್ದರು. ಊರ ಕಡೆ ಬರುವ ಯಾರ ಜೊತೆಗಾದರೂ ಅವನು ಮಗಳನ್ನು ಕಳಿಸುತ್ತಿದ್ದ. ಅಜ್ಜಿಯ ಹತ್ತಿರ ಇದ್ದುಕೊಂಡು ಅವಳು ಓದುತ್ತಿದ್ದಳು. ಮೂರು ವರ್ಷದಿಂದ ಹೀಗೇ ನಡೆದಿತ್ತು.

ಆ ಸಲ ಹೊರಡುವ ಹಿಂದಿನ ಸಂಜೆ ನಮ್ಮ ಕಟ್ಟೆಯ ಮೇಲೆ ಹಸಿ ಶೇಂಗಾ ಸುಲಿಯುತ್ತ ಕೂತಿದ್ದೆವು.

"ಮಾದಿ, ನಾ ಬರೋತನಕ ನನ್ನ ದನಿ ನೀನ ಹಾಕು. ಇಲ್ಲಾಂದ್ರ ಸಾರ್ ಹೆಸರು ಹೊಡೀತಾರ."

"ನಿನ್ನ ದನಿ ನಂಗೆಲ್ಲಿ ಬರ್ತೈತಿ?"

"ಮೊದ್ಲು ಕೆಮ್ಮು. ಆಮ್ಯಾಲ ಮೂಗಿನಾಗ ಅನ್ನು."

ನಾನು ಕೆಮ್ಮಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಲ್ಕನೇ ಸಲಕ್ಕೆ ಒಳಗಿಂದ ನಮ್ಮವ್ವ, "ಈರಿ, ಇನ್ನೂ ಮನೀಗೆ ಹೋಗಿಲ್ಲೇನು?" ಎಂದು ಕೂಗಿದಳು. ಆಗ ನಮ್ಮಿಬ್ಬರಿಗೂ ಹಿಗ್ಗೋ ಹಿಗ್ಗು. ಪ್ರತಿ ವರ್ಷ ಸಾರ್ ಯಾಕೆ ಫೋನ್ ಮಾಡುತ್ತಾರೆಂದು ಇಬ್ಬರೂ ಯೋಚಿಸಲಿಲ್ಲ. ತರಗತಿಯಲ್ಲಿ ಅವಳ ಜಾಗ ಖಾಲಿ ಕಾಣುತ್ತಿತ್ತು, ಅದಕ್ಕೆ ಮಾಡುತ್ತಿದ್ದರು.

ದಿನವೂ ನನ್ನದೊಂದು, ಅವಳದೊಂದು ಹಾಜರಿ ಹಾಕಿದೆ. ಸುತ್ತ ಕೂತ ಓಣಿಯ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರೇ ಹೊರತು ಯಾರೂ ಸಾರ್‌ಗೆ ಹೇಳಲಿಲ್ಲ. ಹಾಜರಿಗೇ ನಿಲ್ಲಲೂ ಇಲ್ಲ, ಅವಳ ದನಿಯಲ್ಲಿ ಪದ್ಯವನ್ನೂ ಓದಿ ಕಳಿಸಿದೆ. ಸಾರ್ ಅದಕ್ಕೆ ಚಪ್ಪಾಳೆಯ ಗುರುತು ಹಾಕಿದರು. ನನ್ನ ಪದ್ಯಕ್ಕೆ ಹಾಕಿರಲಿಲ್ಲ, ನನಗೆ ಹೊಟ್ಟೆಯುರಿಯಿತು.

ತಿಂಗಳಾದ ಮೇಲೆ ಮೇಸ್ತ್ರಿಯ ಫೋನಿನಿಂದ ಒಮ್ಮೆ ಅವಳು ಮಾತಾಡಿದಳು.

"ಹಾಕಾಕತ್ತೀಯೇನು?"

"ಒಂದು ದಿನಾನೂ ತಪ್ಪಿಸಿಲ್ಲ. ನಿನ್ನ ಪದ್ಯಕ್ಕ ಚಪ್ಪಾಳಿ ಹಾಕ್ಯಾರ."

ಅವಳು ನಗಲಿಲ್ಲ. "ಸಾರ್ ನನ್ನ ಕೇಳ್ಲಿಲ್ಲೇನು?"

"ಯಾಕ ಕೇಳ್ತಾರ? ನೀ ದಿನಾ ಬರ್ತೀಯಲ್ಲ," ಎಂದು ನಾನು ತಮಾಷೆ ಮಾಡಿದೆ. ಅವಳು, "ಹೂಂ, ಇಡ್ತೀನಿ," ಎಂದಳು. ಅಷ್ಟಾದರೂ ನನಗೆ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದು ಶಾಲೆ ತೆರೆಯಿತು. ಧೂಳು ಹೊಡೆದ ಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರದೂರ ಕೂತೆವು. ಸಾರ್ ರಿಜಿಸ್ಟರ್ ತೆಗೆದು ಒಂದೊಂದೇ ಹೆಸರು ಕರೆದರು.

"ಈರಮ್ಮ."

ನಾನು ಬೇಕೆಂದು ಮಾಡಿದ್ದಲ್ಲ. ಗಂಟಲು ತಾನಾಗಿ ಕೆಮ್ಮಿತು, ಬಾಯಿ ಅಂದುಬಿಟ್ಟಿತು: "ಬಂದೀನ್ರಿ ಸಾರ್."

ಎಲ್ಲರೂ ಅವಳು ಕೂರುವ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ಸಾರ್ ಆ ಜಾಗವನ್ನು ನೋಡಿದರು, ಆಮೇಲೆ ನನ್ನನ್ನು.

"ಎಷ್ಟು ದಿನದಿಂದ?"

"ದೀಪಾವಳಿ ಆದಾಗಿಂದ, ಸಾರ್."

ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ನಿಂತಲ್ಲೇ ಮೇಸ್ತ್ರಿಗೆ ಫೋನ್ ಹಚ್ಚಿ, ಈರಮ್ಮನ ಅಪ್ಪನಿಗೆ ಕೊಡಿಸಿದರು. ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು.

"ವರ್ಸಾ ವರ್ಸಾ ವಾರದಾಗ ನಿಮ್ಮ ಫೋನ್ ಬರ್ತಿತ್ತು ಸಾರ್. ಈ ಸಲ ಬರ್ಲೇ ಇಲ್ಲ. ಇನ್ನ ಸಾಲಿ ಇಲ್ಲ ಅನ್ಕಂಡ್ವಿ. ಹುಡುಗೀನೂ ಒಂದು ತಿಂಗ್ಳು ದಾರಿ ನೋಡಿದ್ಲು, ಆಮ್ಯಾಲ ಸುಮ್ನಾದ್ಲು. ಈಗ ಆಕೀಗೂ ಕೆಲಸ ರೂಢಿ ಆಗೈತಿ. ಇಲ್ಲಿಂದ ಹೈದರಾಬಾದಿಗೆ ಹೊಂಟೀವಿ."

"ಕಳಿಸಪ್ಪ. ನಾನೇ ಬಂದು ಕರ್ಕೊಂಡು ಬರ್ತೀನಿ."

"ಚೂದ್ದಾಂ ಸಾರ್, ನೋಡಾಣ."

ಆಮೇಲೆ ಆ ನಂಬರು ಹತ್ತಲಿಲ್ಲ. ಯುಗಾದಿಯ ಹೊತ್ತಿಗೆ ಅಜ್ಜಿಯನ್ನೂ ಯಾರೋ ಬಂದು ಕರೆದುಕೊಂಡು ಹೋದರು. ಪಕ್ಕದ ಮನೆಗೆ ಬೀಗ ಬಿತ್ತು. ರಿಜಿಸ್ಟರಿನಲ್ಲಿ ಅವಳ ಹೆಸರು ವರ್ಷ ಮುಗಿಯುವವರೆಗೂ ಇತ್ತು. ಸಾರ್ ಅದನ್ನು ದಿನವೂ ಕರೆದು, ಸ್ವಲ್ಪ ತಡೆದು, ಮುಂದಿನ ಹೆಸರಿಗೆ ಹೋಗುತ್ತಿದ್ದರು. ಆ ತಡೆಯುವ ಹೊತ್ತಿನಲ್ಲಿ ನಾನು ತಲೆಯೆತ್ತುತ್ತಿರಲಿಲ್ಲ.

ನನಗೀಗ ಹತ್ತೊಂಬತ್ತು. ಆದವಾನಿಯಲ್ಲಿ ಡಿಗ್ರಿ ಓದುತ್ತ, ಸಂಜೆ ಊರ ಮಕ್ಕಳಿಗೆ ಪಾಠ ಹೇಳುತ್ತೇನೆ. ಫೋನಿನಲ್ಲಿ ಚೆಂದಚೆಂದದ ಪಾಠ ತೋರಿಸುತ್ತೇನೆ, ಮಕ್ಕಳು ಬಾಯಿ ತೆರೆದುಕೊಂಡು ನೋಡುತ್ತವೆ. ಆದರೆ ಹೆಸರು ಕರೆದಾಗ ದನಿ ಕೇಳಿದರೆ ನನಗೆ ಸಾಲದು, ಮುಖ ನೋಡುವವರೆಗೆ ಮುಂದಿನ ಹೆಸರಿಗೆ ಹೋಗುವುದಿಲ್ಲ. ಅಕ್ಕನಿಗೆ ಕಿವಿ ಮಂದ ಎಂದು ಅವು ಆಡಿಕೊಳ್ಳುತ್ತವೆ.

ಈರಮ್ಮನ ನಿಜವಾದ ದನಿ, ಅವಳು ಹೋಗುವ ಮೊದಲು ಕಳಿಸಿದ ಹಾಜರಿಗಳು, ಅಪ್ಪನ ಹಳೆಯ ಫೋನಿನಲ್ಲೇ ಇದ್ದವು. ಅದು ತುಂಬಿತೆಂದು ಅಪ್ಪ ಎಲ್ಲವನ್ನೂ ಅಳಿಸಿಬಿಟ್ಟ. ಅವಳು ಹೇಗೆ ಮಾತಾಡುತ್ತಿದ್ದಳೆಂದು ಈಗ ನೆನಪಿಸಿಕೊಳ್ಳಲು ಹೋಗುತ್ತೇನೆ. ಎಷ್ಟು ಕಣ್ಣು ಮುಚ್ಚಿ ಕೂತರೂ ಕೇಳಿಸುವುದು ನಾನು ಕಲಿತ ದನಿಯೇ.