ಕಾಕಾ ಬರೆದಿಟ್ಟ ಡಬ್ಬಿಯ ಸಾಲುಗಳು

ವಿಕ್ರೋಳಿಯ ನಮ್ಮ ಆಫೀಸಿನ ಹಳೆಯ ಸರ್ವರನ್ನು ಶುಕ್ರವಾರ ಅಳಿಸಿ ಗುಜರಿಗೆ ಹಾಕುತ್ತಾರೆಂದು ಮಾತಿನ ನಡುವೆ ಕಾಕಾಗೆ ಫೋನಿನಲ್ಲಿ ಹೇಳಿದೆ. ಕಾಕಾ ಎಂದರೆ ನನಗೆ ಕೆಲಸ ಕಲಿಸಿದ ಹಿರಿಯರು. ವಿಜಯಪುರ ಕಡೆಯವರು, ನಿವೃತ್ತರಾಗಿ ಡೊಂಬಿವಲಿಯಲ್ಲಿದ್ದಾರೆ. ಅವರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ಕಾಕು, ತೀರಿಕೊಂಡು ಮೂರು ತಿಂಗಳಾಗಿತ್ತು. ಆಗಲೂ ನಾನು ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸಿದ್ದೆ. ಈಗ ಸರ್ವರಿನ ಸುದ್ದಿ ಕೇಳಿದ್ದೇ ಕಾಕಾ ಕೇಳಿದರು:

“ತಮ್ಮಾ, ಆಕಿ ಡಬ್ಬಿಗೆ ಏನೇನು ಕಟ್ಟತಿದ್ಲು ಅಂತ ನೆನಪಾಗವಲ್ದು. ಅದರಾಗ ಬರೆದಿಟ್ಟೀನಿ. ಹುಡುಕಿ ಕೊಡ್ತೀಯೇನು?”

ಬರೆದಿಟ್ಟದ್ದು ನಿಜ. ಶಿಫ್ಟ್ ಮುಗಿಯುವಾಗ ಆ ದಿನದ ವರದಿಯನ್ನು ಒಂದು ಫೈಲಿನಲ್ಲಿ ಬರೆಯುವುದು ನಮ್ಮ ಪದ್ಧತಿ. ಯಾವ ಮೆಷಿನ್ ಕೈಕೊಟ್ಟಿತು, ಏನು ರಿಪೇರಿ ಮಾಡಿದೆವು, ಇಷ್ಟೇ. ಕಾಕಾ ಮಾತ್ರ ಕೊನೆಗೊಂದು ಸಾಲು ಸೇರಿಸುತ್ತಿದ್ದರು: “ಡಬ್ಬಿ: ರೊಟ್ಟಿ, ಎಣ್ಣೆಗಾಯಿ.” ಮೇಲಿನವರು ವರದಿ ಓದುತ್ತಾರೋ ಇಲ್ಲವೋ ನೋಡೋಣ ಎಂದು ತಮಾಷೆಗೆ ಶುರುವಾದದ್ದು. ಯಾರೂ ಓದಲಿಲ್ಲ. ಕಾಕಾ ನಿಲ್ಲಿಸಲೂ ಇಲ್ಲ.

ಆ ಫೈಲುಗಳನ್ನು ತಿಂಗಳಿಗೊಮ್ಮೆ ಜಿಪ್ ಮಾಡಿ ಇಡುತ್ತಿದ್ದೆವು. ಒಂದೊಂದನ್ನೇ ಬಿಚ್ಚಿ ಓದಹೊರಟರೆ ಹತ್ತು ಶುಕ್ರವಾರ ಸಾಲದು. ಅದಕ್ಕೆಂದೇ ಜೆಡ್‌ಗ್ರೆಪ್ ಎಂಬ ಆಜ್ಞೆ ಇದೆ. ಕಪ್ಪು ಪರದೆಯ ಮೇಲೆ ಅದನ್ನು ಟೈಪ್ ಮಾಡಿ, ಬೇಕಾದ ಪದ ಕೊಟ್ಟರೆ, ಫೈಲು ಬಿಚ್ಚಿಡದೆಯೇ ಒಳಗೆ ಆ ಪದವಿರುವ ಸಾಲುಗಳನ್ನಷ್ಟೇ ತೋರಿಸುತ್ತದೆ. ಕಲಿಸಿದವರೂ ಕಾಕಾನೇ. ಮುಚ್ಚಳ ತೆಗೆಯುವ ಮೊದಲೇ ವಾಸನೆ ಹಿಡಿದು ಡಬ್ಬಿಯಲ್ಲೇನಿದೆ ಹೇಳುತ್ತೇನಲ್ಲ, ಹಾಗೆ, ಎಂದಿದ್ದರು. ಈಗಿನ ಹುಡುಗರು ಇಷ್ಟಕ್ಕೆ ಮೌಸ್ ಹಿಡಿದು ಹತ್ತು ಕಡೆ ಒತ್ತುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಗುರುವಾರ ಮ್ಯಾನೇಜರನ್ನು ಕೇಳಿದೆ. ಊಟದ ಸಾಲು ತಾನೆ, ಒಯ್ಯಿರಿ ಎಂದು ನಕ್ಕರು. “ಡಬ್ಬಿ” ಎಂದು ಹುಡುಕಿದೆ. ಪರದೆ ತುಂಬಿ ಓಡಿತು. ಜುಣಕ, ಮಡಕಿಕಾಳು ಪಲ್ಯ, ಶೇಂಗಾ ಹಿಂಡಿ, ಸಂಕ್ರಾಂತಿಯ ಮರುದಿನ ಸಜ್ಜೆರೊಟ್ಟಿ. ಕಾಕಾ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ರೊಟ್ಟಿ ಮುರಿಯುವ ಸದ್ದು ಕಿವಿಗೆ ಬಂದಂತಾಯಿತು. ಆ ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವು!

ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿದ ತಿಂಗಳು ಬಂತು. “ಡಬ್ಬಿ: ಹೊಸಬಗ ಕೊಟ್ಟೆ. ನನಗ ವಡಾಪಾವ್.”

ಆ ದಿನ ನೆನಪಿದೆ. ಉಡುಪಿ ಕಡೆಯಿಂದ ಬಂದು, ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವನ ಜೊತೆ ಉಳಿದಿದ್ದೆ. ನನ್ನ ಹಿಂದಿ ಕೇಳಿ ಕ್ಯಾಂಟೀನಿನವರು ನಕ್ಕಿದ್ದರು. ಮತ್ತೆ ಅಲ್ಲಿಗೆ ಹೋಗಲು ನಾಚಿಕೆಯಾಗಿ, ಊಟ ಆಯಿತು ಎಂದು ಎಲ್ಲರಿಗೂ ಸುಳ್ಳು ಹೇಳಿ ಕೂತಿರುತ್ತಿದ್ದೆ. ಕಾಕಾ ಡಬ್ಬಿ ತಂದು ಮುಂದಿಟ್ಟು, ಮನೆಯಲ್ಲಿ ಇವತ್ತು ಎರಡು ಕಟ್ಟಿಕೊಟ್ಟಿದ್ದಾಳೆ, ನನ್ನದಾಯಿತು, ಇದು ನಿನಗೆ ಎಂದರು. ನಂಬಿ, ಬೆರಳು ನೆಕ್ಕಿ ಉಂಡಿದ್ದೆ.

ಮರುದಿನದ ಸಾಲು: “ಡಬ್ಬಿ ಎರಡು.” ಅದರ ಮುಂದಿನದೂ “ಡಬ್ಬಿ ಎರಡು.” ನನ್ನ ಮದುವೆಯಾಗುವವರೆಗೆ, ಎರಡು ವರ್ಷ, ಅದೇ.

ಭಾನುವಾರ ಎಲ್ಲವನ್ನೂ ಪ್ರಿಂಟ್ ಮಾಡಿಕೊಂಡು ಡೊಂಬಿವಲಿಗೆ ಹೋದೆ. ಕಾಕಾ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ವಡಾಪಾವಿನ ಸಾಲಿಗೆ ಬಂದಾಗ ಬೆರಳು ನಿಂತಿತು.

“ನಿನಗ ಸುಳ್ಳು ಹೇಳಿದ್ದನ್ನ ಮನ್ಯಾಗ ಹೇಳಿದೆ,” ಎಂದರು. “ಆಕಿ ಮರುದಿನ ಮುಂಜಾನೆದ್ದು ಎರಡು ಕಟ್ಟಿದ್ಲು.”

ಮನೆಗೆ ಬಾ ಎಂದು ಅವರು ಕರೆದಾಗಲೆಲ್ಲ ಮುಂದಿನ ವಾರ ಎಂದು ಜಾರಿಕೊಂಡವನು ನಾನು. ಗೋಡೆಯ ಮೇಲೆ ಕಾಕುವಿನ ಫೋಟೋ ಇತ್ತು. ಎರಡು ವರ್ಷ ಆ ಕೈಯಡುಗೆ ಉಂಡಿದ್ದೆ. ಮುಖ ನೋಡಿದ್ದು ಅದೇ ಮೊದಲು.